ಭಾವನ ಹಾಯಿದೋಣಿ ಮತ್ತು ನನ್ನ ಭೌತಶಾಸ್ತ್ರ

ಸಿರ್ಸಿಯಲ್ಲಿ ಸಮುದ್ರ ಇಲ್ಲ ಎನ್ನುವುದು ಊರಿನಲ್ಲಿ ಎಲ್ಲರಿಗೂ ಗೊತ್ತು, ನಮ್ಮ ಭಾವನೊಬ್ಬನನ್ನು ಬಿಟ್ಟು. ಘಟ್ಟ ಇಳಿದರೆ ಕುಮಟೆಯಲ್ಲಿ ಬೇಕಾದಷ್ಟು ಸಮುದ್ರ ಇದೆ. ಆದರೆ ಭಾವ ಅಲ್ಲಿಗೆ ಹೋಗುವವನಲ್ಲ, ಘಟ್ಟದ ತಿರುವುಗಳಲ್ಲಿ ಅವನಿಗೆ ವಾಂತಿ ಬರುತ್ತದೆ. ಸಿರ್ಸಿಯಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಬರುವಾಗಲೂ ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತ ಬರುತ್ತಾನೆ. ಇಂಥ ಮನುಷ್ಯ, ಗಾಳಿಗೆ ಸಿಕ್ಕಿದ ಹಾಯಿದೋಣಿ ಯಾಕೆ ಮಗುಚುವುದಿಲ್ಲ ಎಂದು ಒಂಬತ್ತು ತಿಂಗಳು ಪಾಠ ಹೇಳಿದ. ಹೇಳಿಸಿಕೊಂಡವಳು ಯಾರು? ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನಾನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಿರ್ಸಿ ಪೇಟೆಯಲ್ಲಿ ಅವನದು ತಾಡಪಾಲು, ಹಗ್ಗ, ಪ್ಲಾಸ್ಟಿಕ್ ಹಾಳೆಗಳ ಅಂಗಡಿ. ಮಳೆಗಾಲ ಶುರುವಾಗುವ ಹದಿನೈದು ದಿನ ಮುಂಚೆ ಅವನು ದೇವರು, ಉಳಿದ ಹನ್ನೊಂದೂವರೆ ತಿಂಗಳು ನಿರುದ್ಯೋಗಿ. ನಿರುದ್ಯೋಗಿಗೆ ಯೋಚನೆ ಮಾಡಲು ಬೇಕಾದಷ್ಟು ಪುರಸತ್ತು. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದವನು. ಅದನ್ನೇನು ಮುಚ್ಚಿಡುವುದಿಲ್ಲ. "ಒಂದೇ ಸಲ ಬರ್ದವ್ಕಿಂತ ಎರಡು ಸಲ ಬರ್ದವಂಗೆ ಜಾಸ್ತಿ ಗೊತ್ತಿರ್ತು" ಎನ್ನುತ್ತಾನೆ. ಇದನ್ನು ನನ್ನನ್ನು ನೋಡಿಕೊಂಡೇ ಹೇಳುತ್ತಾನೆ.

ಇದೆಲ್ಲ ಹತ್ತಿಕೊಂಡಿದ್ದು ಒಂದು ಏಪ್ರಿಲ್ ಮಧ್ಯಾಹ್ನ. ಯಾರೋ ಗಿರಾಕಿ ದೊಡ್ಡ ತಾಡಪಾಲು ಕೇಳಿದ್ದಾನೆ. ಮಡಚಿದ್ದನ್ನೇ ತೋರಿಸಿದರೆ ಸಾಲದೇ? ಇಲ್ಲ, ಭಾವ ಅದನ್ನು ಪೂರ್ತಿ ಬಿಚ್ಚಿ, ಒಂದು ತುದಿ ಗಿರಾಕಿಯ ಕೈಗೆ ಕೊಟ್ಟು, ಅಂಗಡಿಯ ಮುಂದೆ ಎತ್ತಿ ಹಿಡಿದಿದ್ದಾನೆ. ಅಷ್ಟರಲ್ಲಿ ಮಳೆ ಬರುವ ಮುಂಚಿನ ಗಾಳಿ ಬೀಸಿದೆ. ಗಿರಾಕಿ ತನ್ನ ತುದಿಯನ್ನು ಬಿಟ್ಟ, ಭಾವ ಬಿಡಲಿಲ್ಲ. ತಾಡಪಾಲು ಅವನನ್ನು ಎಳೆದುಕೊಂಡು ರಸ್ತೆ ದಾಟಿ, ಎದುರಿನ ಬಾಳೆಹಣ್ಣಿನ ಗಾಡಿಗೆ ತಂದು ಹಾಕಿತು. ಪೇಟೆಯವರು ಹೇಳುವ ಪ್ರಕಾರ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಷ್ಟನ್ನು ನಾನು ನಂಬುವುದಿಲ್ಲ. ಭಾವನ ಹೊಟ್ಟೆಯನ್ನು ಎತ್ತಬಲ್ಲ ಗಾಳಿ ಬೀಸಿದ್ದರೆ ಸಿರ್ಸಿಯಲ್ಲಿ ಹೆಂಚು ಒಂದೂ ಉಳಿಯುತ್ತಿರಲಿಲ್ಲ.

ಮುಂದಿನ ಭಾನುವಾರ ಅವನು ನಮ್ಮ ಮನೆಗೆ ಬಂದ. ಆಗ ನಾನು ಸಿದ್ದಾಪುರದ ಮನೆಯಲ್ಲಿ ಒಬ್ಬಳೇ. ಹಿಂದಿನ ಮಳೆಗಾಲದಲ್ಲಿ ನಮ್ಮನೆಯವರು ತೀರಿಕೊಂಡಿದ್ದರು. ಮಕ್ಕಳಿಲ್ಲ. ಶಾಲೆಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಶನಿವಾರ ಮಧ್ಯಾಹ್ನ ಮುಚ್ಚಿದ ಬಾಯಿ ಸೋಮವಾರದ ಹಾಜರಿಗೇ ತೆರೆಯುತ್ತಿದ್ದದ್ದು. ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು. ಸಮಾಧಾನ ಹೇಳುವವರಿಗಿಂತ ಹೇಳಿಸಿಕೊಳ್ಳುವವರಿಗೆ ಹೆಚ್ಚು ದಣಿವು ಎಂಬುದು ಅನುಭವಿಸಿದವರಿಗೇ ಗೊತ್ತು. ಅದಕ್ಕೇ ಗೇಟಿನ ಸದ್ದಾದರೆ ನನಗೆ ಸಿಟ್ಟು ಬರುತ್ತಿತ್ತು.

ಭಾವ ಸಮಾಧಾನ ಹೇಳಲಿಲ್ಲ. ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಕೂಸೇ, ಬರೀ ತಾಡಪಾಲು ಎನ್ನ ಎಳ್ಕಂಡು ಹೋತು. ಹಾಯಿದೋಣಿಗೆ ಅಷ್ಟು ದೊಡ್ಡ ಹಾಯಿ ಇರ್ತು, ಅದು ಎಂತಕ್ಕೆ ಮಗುಚ್ತಿಲ್ಲೆ?"

ಐವತ್ತು ದಾಟಿದ ನನ್ನನ್ನು ಅವನು ಈಗಲೂ ಕರೆಯುವುದು ಕೂಸೇ ಎಂದೇ.

"ತಳದಲ್ಲಿ ಭಾರ ಇರ್ತು ಭಾವ. ಗುರುತ್ವ ಕೇಂದ್ರ ಕೆಳಗೆ ಇದ್ದರೆ ಬೀಳ್ತಿಲ್ಲೆ" ಎಂದೆ. ಪಠ್ಯಪುಸ್ತಕದಲ್ಲಿ ಒಂದು ಅಂಕದ ಉತ್ತರ.

"ನೆಟ್ಟಗೆ ನಿಂತಾಗ ಭಾರ ಸರೀ ಕೆಳಗೆ ಇರ್ತು. ಆಗ ಅದು ಗಾಳಿಗೆ ಎದುರಾಗಿ ಎಂತ ಕೆಲಸ ಮಾಡ್ತು?"

ಏನೂ ಮಾಡುವುದಿಲ್ಲ ಎನ್ನುವುದೇ ಸರಿಯಾದ ಉತ್ತರ. ಆದರೆ ಎರಡು ಸಲ ಡುಮ್ಕಿ ಹೊಡೆದವನ ಮುಂದೆ ಅದನ್ನು ಒಪ್ಪಿಕೊಳ್ಳುವುದು ಹೇಗೆ? "ಇದು ಸಿಲಬಸ್ಸಿನಲ್ಲಿಲ್ಲೆ" ಎಂದೆ. ಅವನು ಚಹಾ ಕುಡಿದು, ನಿಂಬೆಹಣ್ಣು ಮೂಸಿಕೊಂಡು ಹೋದ. ನಾನು ಒಳಗೆ ಬಂದು, ನಮ್ಮನೆಯವರು ಹೋದಮೇಲೆ ಮೊದಲ ಸಲ ಪುಸ್ತಕದ ಕಪಾಟು ತೆಗೆದೆ. ಜ್ಞಾನದ ಹಸಿವಿನಿಂದ ಅಲ್ಲ, ಮುಂದಿನ ಭಾನುವಾರ ಅವನ ಬಾಯಿ ಮುಚ್ಚಿಸುವುದಕ್ಕೆ.

ಮುಂದಿನ ಭಾನುವಾರ ಅವನು ಬಾಯಿ ಮುಚ್ಚಲಿಲ್ಲ. ನನ್ನ ನೆಲ ಒರೆಸುವ ಕೋಲನ್ನು ತೆಗೆದುಕೊಂಡು, ಅದರ ಬುಡಕ್ಕೆ ನೀರು ತುಂಬಿದ ತಾಮ್ರದ ಚೊಂಬು ಕಟ್ಟಿದ. ಕೋಲಿನ ನಡುವೆ ಹಗ್ಗ ಬಿಗಿದು ಜಗಲಿಯ ತೊಲೆಗೆ ನೇತುಹಾಕಿದ. "ಮೇಲಿನ ತುದಿ ದೂಡು" ಎಂದ. ದೂಡಿದೆ, ಸುಲಭವಾಗಿ ವಾಲಿತು. "ಇನ್ನೂ ದೂಡು." ಈ ಸಲ ಸ್ವಲ್ಪ ಬಲ ಬೇಕಾಯಿತು. "ಇನ್ನೂ." ವಾಲಿದಷ್ಟೂ ಕೆಳಗಿನ ಚೊಂಬು ಪಕ್ಕಕ್ಕೆ ಹೋಗಿ, ನನ್ನ ಕೈಯನ್ನು ಹಿಂದಕ್ಕೆ ತಳ್ಳುತ್ತಿತ್ತು. ನೆಟ್ಟಗಿದ್ದಾಗ ಸೋಮಾರಿಯಂತೆ ಇದ್ದ ಭಾರ, ವಾಲಿದ ಮೇಲೆ ಎಚ್ಚರಾಗಿತ್ತು.

"ಇತ್ಲಾಗೆ ಭಾರದ ಹಿಡಿತ ಹೆಚ್ಚಾಗ್ತು. ಅತ್ಲಾಗೆ ಹಾಯಿ ಮಲಗಿದಷ್ಟೂ ಗಾಳಿಯ ಹಿಡಿತ ಕಡಿಮೆ ಆಗ್ತು. ಎಲ್ಲೋ ಒಂದು ಕಡೆ ಎರಡೂ ಸಮ ಆಗವು ಅಲ್ದ? ಅಲ್ಲಿ ನಿಲ್ತು" ಎಂದ.

ಇದನ್ನೇ ನಾನು ಬಲದ ಭ್ರಮಣ ಎಂಬ ಹೆಸರಿನಲ್ಲಿ, ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಇಪ್ಪತ್ತಾರು ಬ್ಯಾಚಿಗೆ ಕಲಿಸಿದ್ದೆ. ಕೈಗೆ ತಾಗಿದ್ದು ಅದೇ ಮೊದಲು. ಹಾಗಂತ ಹೇಳುತ್ತೇನೆಯೇ? "ಇದು ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತಿದ್ದು ಭಾವ, ಚೊಂಬಿನ ನೀರು ಜಗಲಿಗೆಲ್ಲ ಚೆಲ್ಲಿದ್ದು ನೋಡು" ಎಂದು ಬೈದೆ. ಅದೇ ಕೋಲಿನಲ್ಲಿ ಅವನೇ ನೆಲ ಒರೆಸಿದ.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದಾದ ಮುಂದಿನ ವಾರ ಅವನ ಪ್ರಶ್ನೆ ಬೇರೆ. ಗಾಳಿ ಬದಿಯಿಂದ ಬಂದರೆ ದೋಣಿ ಇನ್ನೊಂದು ಬದಿಗೆ ಹೋಗಬೇಕು, ಮುಂದಕ್ಕೆ ಹೋಗುತ್ತದೆ, ಯಾಕೆ? ನಾನು ಎರಡು ಕಾಗದದಲ್ಲಿ ಬಲಗಳನ್ನು ಬಿಡಿಸಿ, ಗೀಟು ಎಳೆದು ತೋರಿಸಿದೆ. ಅವನು ಕಾಗದವನ್ನು ತಲೆಕೆಳಗು ಮಾಡಿ ನೋಡಿ, "ಚಂದ ಇದ್ದು" ಎಂದ. ಅರ್ಥವಾಗಲಿಲ್ಲ ಎನ್ನುವುದಕ್ಕೆ ಅವನು ಹೇಳುವುದೇ ಹಾಗೆ.

ಮೇ ತಿಂಗಳಲ್ಲಿ ಮಂಚಿಕೇರಿಯಲ್ಲಿ ಸಂಬಂಧಿಕರ ಮನೆಯ ಉಪನಯನ. ಹೋಗುವುದಿಲ್ಲ ಎಂದಿದ್ದೆ. ಭಾವ ಫೋನು ಮಾಡಿ, "ದೋಣಿ ಮುಂದೆ ಹೋಪುದು ಎಂತಕ್ಕೆ ಅಂತ ಗೊತ್ತಾತು, ಬಂದರೆ ತೋರಿಸ್ತೆ" ಎಂದ. ಇವನಿಗೆ ಗೊತ್ತಾಗಿ ನನಗೆ ಗೊತ್ತಾಗದೇ ಇರುವುದೆಂದರೆ? ಹೋದೆ. ಊಟಕ್ಕೆ ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ಕೂತೆ. ಇಡೀ ಮಾವಿನಹಣ್ಣು ಹಾಕಿದ ಸಾಸಿವೆ ಗೊಜ್ಜು ಬಡಿಸಿಕೊಂಡು ಬಂದರು. ಭಾವ ಒಂದು ಹಣ್ಣನ್ನು ಚೀಪಿ, ಗೊರಟೆಯನ್ನು ಎರಡು ಬೆರಳ ನಡುವೆ ಹಿಡಿದ.

"ಈ ಬೆರಳು ಹಾಯಿ ಮೇಲಿನ ಗಾಳಿ. ಈ ಬೆರಳು ದೋಣಿ ಅಡಿಯ ಹಲಗೆಗೆ ಒತ್ತುವ ನೀರು. ಎರಡೂ ಕಡೆಯಿಂದ ಒತ್ತಿದ್ರೆ ಗೊರಟೆ ಎಲ್ಲಿ ಹೋಗವು?"

ಎಲ್ಲಿ ಹೋಯಿತು ಎನ್ನುವುದನ್ನು ಇಡೀ ಪಂಕ್ತಿ ನೋಡಿತು. ಎದುರು ಸಾಲಿನಲ್ಲಿ ಕೂತಿದ್ದ ಪುರೋಹಿತರ ಹೊಸ ಶಲ್ಯದ ಮೇಲೆ ಹೋಗಿ ಕೂತಿತು. ಪುರೋಹಿತರು ಗೊರಟೆಯನ್ನೂ ಭಾವನನ್ನೂ ನೋಡಿ, "ದಕ್ಷಿಣೆ ಆಗ್ಲೇ ಬಂದಿದ್ದು, ಇದೆಂತಕ್ಕೆ?" ಎಂದರು. ಭಾವ ಎಲೆ ಬಿಟ್ಟು ಎದ್ದು ಹೋಗಿ ಕ್ಷಮೆ ಕೇಳಿದ. ಬಂದು ಕೂತು ನನ್ನ ಕಿವಿಯಲ್ಲಿ, "ನೋಡಿದ್ಯ? ಬೆರಳು ಒತ್ತಿದ ಕಡೆಗೆ ಹೋಜಿಲ್ಲೆ, ಮುಂದೇ ಹೋತು" ಎಂದ. ಪಂಕ್ತಿಯಲ್ಲಿ ನಗಬಾರದೆಂದು ಕಷ್ಟಪಟ್ಟು ಕೂತಿದ್ದೆ, ಆದರೂ ಸಾರು ಮೂಗಿಗೆ ಹತ್ತಿತು.

ಮಳೆಗಾಲ ಪೂರ್ತಿ ಹೀಗೇ. ಒಂದು ಭಾನುವಾರವೂ ತಪ್ಪಲಿಲ್ಲ. ಮರ ಬಿದ್ದು ಬಸ್ಸು ಅರ್ಧ ದಾರಿಯಲ್ಲಿ ನಿಂತ ದಿನವೂ ಯಾರದೋ ಬೈಕಿನ ಹಿಂದೆ ಕೂತು, ಹೊದೆದಿದ್ದ ಪ್ಲಾಸ್ಟಿಕ್ ಹಾಳೆ ಪಟಪಟ ಬಡಿಸಿಕೊಂಡು ಬಂದ. ಒಂದು ಪ್ರಶ್ನೆ ಕೇಳಲಿಕ್ಕೆ! ಇವನಿಗೆ ಫೋನು ಇಲ್ಲವೇ? ಇದೆ. ಅಂಗಡಿಯಲ್ಲಿ ಕೂತು ಇಡೀ ದಿನ ಅದನ್ನೇ ನೋಡುತ್ತಾನೆ ಎಂದು ಅಕ್ಕ ದೂರುತ್ತಿದ್ದಳು. ಹಾಗಿದ್ದೂ ನನ್ನಿಂದ ಒಂದೇ ವಿಷಯವನ್ನು ನಾಲ್ಕು ನಾಲ್ಕು ಸಲ ಹೇಳಿಸಿಕೊಳ್ಳುತ್ತಿದ್ದ. ಇಷ್ಟು ದಡ್ಡ ವಿದ್ಯಾರ್ಥಿ ನನಗೆ ಸಿಕ್ಕಿದ್ದಿಲ್ಲ. ಅವನಿಗೆ ಬಯ್ಯಬೇಕಾದ ಮಾತುಗಳನ್ನು ನಾನು ಶುಕ್ರವಾರದಿಂದಲೇ ಜೋಡಿಸಿಟ್ಟುಕೊಳ್ಳುತ್ತಿದ್ದೆ.

ಅಕ್ಟೋಬರಿನಲ್ಲಿ ಅಕ್ಕ ಫೋನು ಮಾಡಿದಳು. "ನಿನ್ನ ಭಾವ ದೋಣಿ ಮಾಡ್ತಾ ಇದ್ದ. ಎನ್ನ ಹೊಲಿಗೆ ಮಿಷನ್ನಿನ ಮೂರು ಸೂಜಿ ಮುರಿದ."

ಯಲ್ಲಾಪುರದಾಚೆ ನಂದೊಳ್ಳಿಯ ಹತ್ತಿರ ಭಾವನ ಹಳೆಯ ಗಿರಾಕಿ ಒಬ್ಬರು, ಗೌಡರು ಇದ್ದಾರೆ. ಭತ್ತ ಒಣಗಿಸಲು ಪ್ರತಿವರ್ಷ ಇವನ ಹತ್ತಿರವೇ ತಾಡಪಾಲು ಒಯ್ಯುವವರು. ಅವರ ಹಿತ್ತಲಲ್ಲಿ ಹಳೆಯ ಫೈಬರ್ ದೋಣಿಯೊಂದು ಬೋರಲು ಬಿದ್ದಿತ್ತು. ಹಿಂದೆ ಯಾವಾಗಲೋ ಅವರ ತಮ್ಮ ಹಿನ್ನೀರಿನಲ್ಲಿ ಮೀನು ಹಿಡಿಯಲು ತಂದದ್ದು. ಈಗ ಅದರಡಿಗೆ ಕೋಳಿಗಳು ಸಂಸಾರ ಮಾಡುತ್ತಿದ್ದವು. ಭಾವ ಕೋಳಿಗಳನ್ನು ಒಕ್ಕಲೆಬ್ಬಿಸಿದ. ಬಿದಿರಿನ ಕಂಬ ನಿಲ್ಲಿಸಿದ, ನೀಲಿ ತಾಡಪಾಲಿನ ಹಾಯಿ ಕಟ್ಟಿದ. ಗೌಡರ ಮನೆಯ ಹಿಂದೆಯೇ ದೊಡ್ಡ ಕೆರೆ, ಮಳೆಗೆ ಅಂಚಿನವರೆಗೂ ತುಂಬಿತ್ತು.

ಮೊದಲ ಪ್ರಯೋಗಕ್ಕೆ ಅಕ್ಕ, ನಾನು ಇಬ್ಬರೂ ದಡದಲ್ಲಿ. ಗಾಳಿ ಬಂತು. ದೋಣಿ ಏಡಿಯ ಹಾಗೆ ಅಡ್ಡಡ್ಡ ಹೋಗಿ ಜೊಂಡಿನೊಳಗೆ ಹೊಕ್ಕಿತು. ತಳದಲ್ಲಿ ಇರಬೇಕಾದ ಹಲಗೆಯನ್ನೇ ಮಹಾಶಯ ಮರೆತಿದ್ದ. ಮಂಚಿಕೇರಿಯ ಪಂಕ್ತಿಯಲ್ಲಿ ಅಷ್ಟು ಜನರ ಮುಂದೆ ವಿವರಿಸಿದ್ದು ಅದೇ ಹಲಗೆಯ ವಿಷಯ.

ಎರಡನೇ ಸಲ ಹಳೆಯ ಬಾಗಿಲೊಂದನ್ನು ಸೀಳಿ, ಮೀನಿನ ರೆಕ್ಕೆಯ ಹಾಗೆ ತಳಕ್ಕೆ ಕೂರಿಸಿ, ಅದರ ಬುಡಕ್ಕೆ ಕಬ್ಬಿಣದ ತುಂಡು ಬಿಗಿದ. ಈಗ ದೋಣಿ ಅಡ್ಡ ಹೋಗಲಿಲ್ಲ. ಮೂತಿಯನ್ನು ಗಾಳಿ ಬಂದ ಕಡೆಗೆ ತಿರುಗಿಸಿ, ಹಾಯಿ ಫಟಫಟ ಬಡಿಯುತ್ತ ನಿಂತುಬಿಟ್ಟಿತು. ನಾನು ದಡದಿಂದಲೇ ಕೂಗಿ ಹೇಳಿದೆ, ಹಾಯಿಯ ಎಳೆತ ಹಿಂದೆ ಬಿತ್ತು, ಹಲಗೆಯ ಹಿಡಿತ ಮುಂದೆ ಬಿತ್ತು, ಅದಕ್ಕೇ ತಿರುಗುತ್ತಿದೆ, ಕಂಬವನ್ನು ಮುಂದಕ್ಕೆ ಸರಿಸು ಎಂದು. ಎಮ್ಮೆಗಳನ್ನು ಕೆರೆಗೆ ಬಿಟ್ಟು ನಿಂತಿದ್ದ ಗೌಡರು, "ಅಕ್ಕೋರಿಗೆ ಭಾಳ ತಿಳೀತದ ಬಿಡ್ರಿ" ಎಂದರು. ನಾನು ಸೆರಗು ಸರಿ ಮಾಡಿಕೊಂಡೆ.

ಕಂಬ ಸರಿಸಿದ. ಮೂರನೇ ಸಲ ದೋಣಿ ನಿಜವಾಗಿಯೂ ಮುಂದೆ ಹೋಯಿತು. ಅಕ್ಕ ಕೈಯಲ್ಲಿದ್ದ ಟವೆಲ್ಲನ್ನು ಬೀಸಿದಳು. ಭಾವ ಉತ್ತರವಾಗಿ ಕೈ ಬೀಸಲು ಎದ್ದು ನಿಂತ. ಎದ್ದು ನಿಂತರೆ ಏನಾಗುತ್ತದೆ ಎಂದು ಜಗಲಿಯಲ್ಲಿ ಎಷ್ಟು ಭಾನುವಾರ ಚರ್ಚೆಯಾಗಿಲ್ಲ? ಒಂದು ಗಾಳಿ ಬಂತು, ದೋಣಿ ಮಗುಚಿತು. ಹೊಟ್ಟೆಗೆ ಲಾರಿ ಟ್ಯೂಬು ಕಟ್ಟಿಕೊಂಡಿದ್ದವನು ತೇಲುತ್ತ, ಕೈಗೆ ಸಿಕ್ಕಿದ ಎಮ್ಮೆಯ ಬಾಲ ಹಿಡಿದು ದಡ ಸೇರಿದ. ಗೌಡರು ಸಾವಕಾಶವಾಗಿ ಹೇಳಿದರು: "ನೋಡ್ರಿ ಸಾವ್ಕಾರ್ರೆ, ನಮ್ಮ ಎಮ್ಮಿಗೆ ಹಾಯಿನೂ ಬ್ಯಾಡ, ಹಲಗಿನೂ ಬ್ಯಾಡ."

ಒದ್ದೆ ಪಂಚೆ ಹಿಂಡುತ್ತ ಭಾವ ಯೋಚಿಸಿದ. ಕಬ್ಬಿಣದ ಭಾರ ಸಾಲದು, ಹೆಚ್ಚು ಕಟ್ಟಿದರೆ ಹಲಗೆ ತಡೆಯುವುದಿಲ್ಲ. ಹಾಗಾದರೆ ಗಾಳಿ ಬರುವ ಬದಿಯ ಅಂಚಿನಲ್ಲಿ ಇನ್ನೊಬ್ಬರು ಕೂತು ಹೊರಗೆ ಬಾಗಬೇಕು. ಅಕ್ಕನಿಗೆ ಮಂಡಿನೋವು. ಗೌಡರು ಕೈ ಮುಗಿದರು. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕೂಸೇ, ನಿನ್ನ ತೂಕ ಎಷ್ಟಿದ್ದು?"

ಪರವೂರಿನ ಗಂಡಸರ ಎದುರು ಕೇಳುವ ಪ್ರಶ್ನೆಯೇ ಇದು? ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದ್ದಕ್ಕೆ ನನಗೆ ಕೊನೆಗೆ ಸಿಕ್ಕ ಹುದ್ದೆ ಮರಳುಚೀಲದ್ದು. ಖಂಡಿತ ಆಗದು ಎಂದು ಹೇಳಿ ಬಂದೆ. ಎರಡು ತಿಂಗಳು ಹಾಗೇ ಹೇಳಿದೆ. ಜನವರಿಯಲ್ಲಿ ಮೂಡಗಾಳಿ ಬೀಸತೊಡಗಿದಾಗ, ಭಾವ ಒಂದು ಭಾನುವಾರ ಹೇಳಿದ, "ಹಾಯಿ ಬಿಚ್ಚಿ ಗೌಡ್ರಿಗೆ ಕೊಡ್ತೆ, ದೋಣಿ ಕೋಳಿಗೇ ಆತು." ಅವನ ಮುಖ ನೋಡಿ ನನಗೆ ಕನಿಕರ ಬಂತು ಎಂದುಕೊಳ್ಳಬೇಡಿ. ಕಂಬ ಸರಿಸಿದ ಲೆಕ್ಕ ನನ್ನದಾಗಿತ್ತು, ಅದು ತಪ್ಪು ಎಂದಾಗುವುದು ನನಗೆ ಇಷ್ಟವಿರಲಿಲ್ಲ.

ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು, ಟ್ಯೂಬು ಕಟ್ಟಿಕೊಂಡು ಏರಿದೆ. ಭಾವ ಹಿಂದೆ ಚುಕ್ಕಾಣಿ ಹಿಡಿದು ಕೂತ, ನಾನು ಅಂಚಿನ ಮೇಲೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಹಾಯಿ ತುಂಬಿಕೊಂಡಿತು. ದೋಣಿಯಡಿಗೆ ನೀರು ಸದ್ದು ಮಾಡತೊಡಗಿತು, ದಡದ ಮತ್ತಿಮರಗಳು ಹಿಂದೆ ಸರಿದವು. ನಡುನೀರಿಗೆ ಬಂದಾಗ ಜೋರಾದ ಗಾಳಿಯೊಂದು ಬಂದು ಹಾಯಿ ಮಲಗಿತು. ನಾನು ಕೂತ ಅಂಚು ಮೇಲೆದ್ದಿತು. ನನ್ನ ಜೀವವೆಲ್ಲ ಒಳಗೆ ಬಾಗಿ ಕಂಬ ತಬ್ಬಿಕೋ ಎನ್ನುತ್ತಿತ್ತು.

"ಹೆದ್ರಡ. ಹೊರಗೆ ಬಾಗು" ಎಂದ ಭಾವ.

ಬಾಗಿದೆ. ಬೆನ್ನು ನೀರಿನ ಮೇಲೆ, ಕಣ್ಣೆದುರು ಬರೀ ಆಕಾಶ. ದೋಣಿ ಒಂದು ಗಳಿಗೆ ಅಲ್ಲಾಡಿ, ವಾಲಿದಲ್ಲೇ ಗಟ್ಟಿಯಾಗಿ ನಿಂತಿತು, ನಿಂತುಕೊಂಡೇ ಓಡಿತು. ಎಲ್ಲಿ ಸಮವಾಗಬೇಕಿತ್ತೋ ಅಲ್ಲೇ ಸಮವಾಗಿತ್ತು. ನಾನು ಕೂಗತೊಡಗಿದೆ. "ಹಗ್ಗ ಸಡಿಲ ಬಿಡು ಭಾವ! ಅಷ್ಟಲ್ಲ! ಚುಕ್ಕಾಣಿ ನೆಟ್ಟಗೆ ಹಿಡಿ! ಎಂತ ಕಲ್ತೆ ನೀನು ಇಷ್ಟು ದಿನ?" ಆ ದಡ ಮುಟ್ಟುವವರೆಗೂ ಬೈದೆ, ತಿರುಗಿಸಿಕೊಂಡು ಬರುವಾಗಲೂ ಬೈದೆ. ನಡುನಡುವೆ ನಗುತ್ತಲೂ ಇದ್ದೆನಂತೆ, ನನಗೆ ಅದು ತಿಳಿಯಲಿಲ್ಲ.

ದಡಕ್ಕೆ ಬಂದಾಗ ಗೌಡರು ಹಗ್ಗ ಹಿಡಿದು ಎಳೆದುಕೊಂಡರು. ಭಾವ ಹಾಯಿ ಬಿಚ್ಚಲು ನಿಂತ. ಅಕ್ಕ ನನ್ನ ಒದ್ದೆ ತಲೆಗೆ ಟವೆಲ್ಲು ಹಾಕಿ ಒರೆಸುತ್ತಿದ್ದವಳು, ಕೈ ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು.

"ಎಂತಾತು? ಮುಳುಗಿದ್ವಿಲ್ಲೆ ಅಲ್ದ?" ಎಂದೆ.

"ನಿನ್ನ ದನಿ ಇಲ್ಲಿವರೆಗೂ ಕೇಳ್ತಾ ಇತ್ತು. ಎಷ್ಟು ದಿನ ಆಗಿತ್ತು" ಎಂದಳು. ಸ್ವಲ್ಪ ತಡೆದು, ಭಾವನಿಗೆ ಕೇಳಿಸದ ಹಾಗೆ ಹೇಳಿದಳು. "ಅಂವಂಗೆ ಇದೆಲ್ಲ ಮೊದಲ್ನೇ ವಾರವೇ ಗೊತ್ತಾಗಿತ್ತು ತಂಗಿ. ಫೋನಲ್ಲಿ ನೋಡಿ ಎಂಗೆ ವಿವರಿಸಿ ಹೇಳಿದ್ದ. ಹಂಗಿದ್ರೆ ಅಷ್ಟು ದೂರ ಹೋಗಿ ಅದನ್ನೇ ಕೇಳದು ಎಂತಕ್ಕೆ ಅಂದೆ. 'ಸಮಾಧಾನ ಹೇಳಿದ್ರೆ ಕೂಸು ಬಾಗಿಲು ಹಾಕ್ತು. ಬೈಯ್ಯಕ್ಕಾದ್ರೂ ಬಾಯಿ ಬಿಡ್ಲಿ' ಅಂದ."

ನಾನು ಹಾಯಿ ಬಿಚ್ಚುತ್ತಿದ್ದ ಭಾವನ ಕಡೆ ನೋಡಿದೆ.

"ಕಡೆಕಡೆಗೆ ಹುಚ್ಚು ನಿಜವಾಗೇ ಹಿಡತ್ತು, ಅದು ಬೇರೆ" ಎಂದು ಅಕ್ಕ ಮೂಗು ಒರೆಸಿಕೊಂಡಳು.

ಮುಂದಿನ ಭಾನುವಾರಕ್ಕೆ ನಾನು ದೋಸೆಗೆ ಜಾಸ್ತಿ ಅಕ್ಕಿ ನೆನೆಸಿದ್ದೆ. ಗೇಟಿನ ಸದ್ದಾಯಿತು. ಭಾವ ಚಪ್ಪಲಿ ಬಿಡುತ್ತ, ಮುಖ ಗಂಭೀರ ಮಾಡಿಕೊಂಡು ಕೇಳಿದ.

"ಕೂಸೇ, ಬುಗುರಿ ತಿರುಗ್ತಾ ಇದ್ದಾಗ ಎಂತಕ್ಕೆ ಬೀಳ್ತಿಲ್ಲೆ?"

ಮನೆಯ ಅಂಗಳದಲ್ಲಿ ಬುಗುರಿ ಬಿಟ್ಟು ತೋರಿಸಿ ನೆರೆಮನೆಯ ಮಕ್ಕಳಿಗೆಲ್ಲ ನಾನು ಹೇಳಿಕೊಟ್ಟ ವಿಷಯ ಅದು. ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿಲ್ಲೆ ಭಾವ" ಎಂದೆ. "ನೀನೇ ಹೇಳು, ಕೂತ್ಕ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಜಗಲಿಯಲ್ಲಿ ಕಾಲು ಮಡಚಿ ಕೂತು, ಕೈ ತಿರುಗಿಸಿ ಹೇಳತೊಡಗಿದ. ಮೊದಲಿನಿಂದ ಕೊನೆಯವರೆಗೂ ತಪ್ಪು. ದೋಸೆ ಆರುತ್ತಿತ್ತು, ನಾನು ಕೇಳುತ್ತ ಕೂತೆ.